ಸ್ಪ್ರಿಂಗು, ಎಣ್ಣೆ ಮತ್ತು ಮಂಡ್ಯದ ದಾರಿ

ಬೆಂಗಳೂರಿನಿಂದ ಮೈಸೂರಿಗೆ ಸಾಗುವ ಹೊಸ ಹೆದ್ದಾರಿಯು 2023ನೆಯ ಇಸವಿಯ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಲೋಕಾರ್ಪಣೆಗೊಂಡಿತಷ್ಟೆ. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯಪಥದಲ್ಲಿ ದ್ವಿಚಕ್ರ ವಾಹನಗಳಿಗೂ ಆಟೋಗಳಿಗೂ ಟ್ರ್ಯಾಕ್ಟರುಗಳಿಗೂ ಪ್ರವೇಶವಿಲ್ಲವೆಂದು ವಿಧಿಸಲಾಯಿತು. ಈ ನಿಷೇಧವನ್ನು ಕುರಿತು ಮೋಟಾರ್ ಸೈಕಲ್ ಸವಾರರು ಆಡಿದ ಮಾತು ಬಹಳ. ಅದರಲ್ಲಿ ನ್ಯಾಯವಾದದ್ದೂ ಇದ್ದೀತು. ಆದರೆ ಊರುಗಳನ್ನೆಲ್ಲ ಬದಿಗೊತ್ತಿ, ಶಿಂಷಾ ನದಿಯನ್ನು ಕೂಡ ಕಣ್ಣಿಗೆ ಬೀಳುವ ಮುನ್ನವೇ ದಾಟಿಸಿಬಿಡುವ ಆ ವೇಗಮಾರ್ಗದಿಂದ ಹೊರಗಿರಿಸಲ್ಪಟ್ಟ ಸವಾರನಿಗೆ ಮದ್ದೂರು ಮತ್ತೆ ಮದ್ದೂರಾಗಿ, ಮಂಡ್ಯ ಮತ್ತೆ ಮಂಡ್ಯವಾಗಿ ದೊರೆತವೆಂಬುದನ್ನೂ ಒಪ್ಪಬೇಕು. ಸರ್ವಿಸ್ ರಸ್ತೆಯ ಗುಂಡಿ, ಚರಂಡಿಯ ಮುಚ್ಚಳದ ಏರು, ಹಂಪಿನ ಮೇಲೆ ಹಂಪು, ಇವುಗಳ ಸಹಿತವಾಗಿಯೇ ದೊರೆತವು. ಆದಕಾರಣವೇ ಶಾಕಪ್ಪಿನ (ಶಾಕ್ ಅಬ್ಸಾರ್ಬರಿನ) ವಿಚಾರವು, ಹಿಂದೆ ಹವ್ಯಾಸಿಗಳ ಚರ್ಚೆಗೆ ಸೀಮಿತವಾಗಿದ್ದುದು, ಈ ಸೀಮೆಯಲ್ಲಿ ಅಲೆಯಬಯಸುವ ಯಾರಿಗಾದರೂ ಪ್ರಸ್ತುತವಾಯಿತು.

ಮಂಡ್ಯ ಸೀಮೆಯ ದಾರಿಗಳನ್ನು ಒಂದೇ ಜಾತಿಗೆ ಸೇರಿಸಲಾಗದು. ಕನ್ನಂಬಾಡಿಯ ಜಲಾಶಯದಿಂದ ಹೊರಟು ಬಂದ ವಿಶ್ವೇಶ್ವರಯ್ಯ ನಾಲೆಯು ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ನೀರುಣಿಸಿ, ರಾಗಿಯ ಹೊಲಗಳನ್ನು ಬತ್ತದ ಗದ್ದೆಯಾಗಿಯೂ ಕಬ್ಬಿನ ತೋಟವಾಗಿಯೂ ಮಾರ್ಪಡಿಸಿದುದು ಎಲ್ಲರಿಗೂ ತಿಳಿದ ಚರಿತ್ರೆ. ಆ ನೀರು ದಾರಿಯ ಸ್ವಭಾವವನ್ನೂ ಮಾರ್ಪಡಿಸಿತೆಂಬುದು, ಅಲ್ಲಿ ಎರಡು ಗಾಲಿಗಳ ಮೇಲೆ ಸಂಚರಿಸಿದವನಿಗೆ ಮಾತ್ರ ತಿಳಿಯುವ ಸಂಗತಿ. ನಾಲೆ ಏರಿಯ ಮೇಲಿನ ಹಾದಿ ತೇವವಾಗಿದ್ದಾಗ ಮೆತ್ತಗೆ, ಒಣಗಿದಾಗ ಟ್ರ್ಯಾಕ್ಟರಿನ ಗಾಲಿ ಕೊರೆದ ಜಾಡುಗಳು ಗಟ್ಟಿಯಾಗಿ ಮುಂದಿನ ಚಕ್ರವನ್ನು ತಮಗೆ ಬೇಕಾದ ಕಡೆಗೆ ಸೆಳೆಯುವಷ್ಟು ಕಠಿಣ. ಮಳವಳ್ಳಿಯ ಕಡೆಗೆ ಸರಿದು ನಾಲೆಯ ನೀರು ತಲಪದ ಎತ್ತರವನ್ನೇರಿದರೆ, ಕೆಮ್ಮಣ್ಣಿನ ಮೇಲೆ ವಾಹನಗಳ ಓಡಾಟದಿಂದಲೇ ಹುಟ್ಟಿದ ಸಾಲುಸಾಲಾದ ಸಣ್ಣ ತರಂಗಗಳು. ಅವು ಒಂದೊಂದೂ ಎರಡು ಅಂಗುಲಕ್ಕೆ ಮೀರದಿದ್ದರೂ, ಎಡೆಬಿಡದೆ ಬರುವುದರಿಂದಲೇ ಸವಾರನ ಮಣಿಕಟ್ಟನ್ನು ಜೋಮು ಹಿಡಿಸುತ್ತವೆ. ಇನ್ನು 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿಯ ಕಾಲದಿಂದ ಮೊದಲಾಗಿ ಈ ಸೀಮೆಯ ರಸ್ತೆಗಳು ಹೊತ್ತುಕೊಂಡು ಬಂದಿರುವ ಕಬ್ಬಿನ ಭಾರವು, ಡಾಂಬರನ್ನು ತಿರುವುಗಳಲ್ಲಿ ಒಂದು ಪಕ್ಕಕ್ಕೆ ತಳ್ಳಿ ದಿಬ್ಬವಾಗಿಸಿರುವುದನ್ನು ಸುಗ್ಗಿಯಲ್ಲಿ ಹೋದವರು ಕಂಡೇ ಇರುತ್ತಾರೆ.

ನನ್ನ ವಾಹನವು ಹಿಮಾಲಯನ್ ಎಂಬ ಮೋಟಾರ್ ಸೈಕಲ್. 2016ರಲ್ಲಿ ಬಂದ 411 ಸಿ.ಸಿ. ಎಂಜಿನಿನ ಮಾದರಿ. ಮುಂದೆ 21 ಅಂಗುಲದ, ಹಿಂದೆ 17 ಅಂಗುಲದ ಚಕ್ರ. ಮುಂದಿನ ಫೋರ್ಕಿನಲ್ಲಿ 200 ಮಿಲಿಮೀಟರು, ಹಿಂದಿನ ಒಂಟಿ ಶಾಕಪ್ಪಿನ ಮೂಲಕ ಚಕ್ರಕ್ಕೆ 180 ಮಿಲಿಮೀಟರು ಸಂಚಾರಾವಕಾಶ. ನೆಲದಿಂದ 220 ಮಿಲಿಮೀಟರು ಎತ್ತರ. ಇಷ್ಟು ಉದಾರವಾದ ಲೆಕ್ಕವಿರುವ ಬಂಡಿಗೆ ಮತ್ತೇನು ಬೇಕೆಂದು ಕೇಳುವವರುಂಟು, ಮತ್ತು ಒಬ್ಬನೇ ಸವಾರನು ಒಂದು ಚೀಲವನ್ನು ಕಟ್ಟಿಕೊಂಡು ಹೊರಟರೆ ಅವರ ಪ್ರಶ್ನೆ ಸಾಧುವಾದದ್ದೇ. ಕಾರ್ಖಾನೆಯಾದರೂ ಏನು ಮಾಡಬೇಕು? ಐವತ್ತು ಕಿಲೋ ತೂಗುವ ವಿದ್ಯಾರ್ಥಿಗೂ ನೂರು ಕಿಲೋ ತೂಗುವ ಗೃಹಸ್ಥನಿಗೂ ಒಂದೇ ಸ್ಪ್ರಿಂಗನ್ನು ಹಾಕಿ ಕಳುಹಿಸಬೇಕಾದವರು ಮಧ್ಯಮಮಾರ್ಗವನ್ನು ಹಿಡಿಯುತ್ತಾರೆ. ಆ ಮಧ್ಯದಿಂದ ತಾನೆಷ್ಟು ದೂರವಿದ್ದೇನೆಂಬುದನ್ನು ಅಳೆದುಕೊಳ್ಳುವುದು ಕೊಂಡವನ ಕೆಲಸ.

ಅಳತೆಯ ಈ ವಿಧಾನವನ್ನು ಮಂಡ್ಯದ ಓರ್ವ ಹಿರಿಯ ಮೆಕ್ಯಾನಿಕ್ಕರು, ಶಾಕಪ್ ಕೊಳ್ಳುವ ನನ್ನ ಉತ್ಸಾಹವನ್ನು ಮೊದಲು ತಣ್ಣಗಾಗಿಸಿ, ಆಮೇಲೆ ಕಲಿಸಿಕೊಟ್ಟರು. ಬಂಡಿಯ ಎರಡು ಪಕ್ಕದ ಪೆಟ್ಟಿಗೆಗಳನ್ನು ಕಣ್ಣಳತೆಯಲ್ಲಿ ನೋಡಿ ಅವರು ಹೇಳಿದ್ದು ಇಷ್ಟು: “ಸಾ, ಒಬ್ರು ಕುಂತವ್ರೆ, ಹಿಂದ್ಗಡೆ ಇನ್ನೊಬ್ರು ಯಾವಾಗ್ಲೋ ಕುಂತಾರು ಅಂತ ಲೆಕ್ಕ ಹಾಕಿ ಕಂಪ್ನಿಯೋರು ಸ್ಪ್ರಿಂಗ್ ಮಾಡವ್ರೆ. ನೀವು ನೋಡುದ್ರೆ ಮನೇನೇ ಹೊತ್ಕೊಂಡ್ ಬಂದಿದ್ದೀರಿ. ಮೊದ್ಲು ತೂಗ್ಸಿ, ಆಮ್ಯಾಕೆ ಶಾಕಪ್ ಮಾತು.” ಬೆಲ್ಲದ ವ್ಯಾಪಾರಕ್ಕೆ ಹೆಸರಾದ ಊರಿನಲ್ಲಿ ತೂಕದ ಯಂತ್ರಕ್ಕೆ ಬರವೇ? ಅಚ್ಚುಬೆಲ್ಲದ ಚೀಲಗಳ ಸರದಿ ಮುಗಿದ ಮೇಲೆ ನನ್ನ ಪೆಟ್ಟಿಗೆಗಳನ್ನೂ ನನ್ನನ್ನೂ ಅದೇ ತೂಕದ ಯಂತ್ರದ ಮೇಲೆ ಏರಿಸಲಾಯಿತು. ಪೆಟ್ಟಿಗೆಗಳು 34 ಕಿಲೋ, ನಾನು 84. ನನ್ನ ಶ್ರೀಮತಿಯವರು ಮಂಡಿಯ ಜನರೆದುರಿಗೆ ಯಂತ್ರವನ್ನೇರಲು ಒಪ್ಪದೆ ತಮ್ಮ ತೂಕ 58 ಎಂದು ಘೋಷಿಸಿದುದನ್ನು ನಾವು ಪ್ರಮಾಣವೆಂದೇ ಅಂಗೀಕರಿಸಿದೆವು. ಒಟ್ಟು 176 ಕಿಲೋ. ಬಂಡಿಯ ತೂಕವೇ ಸುಮಾರು 200 ಕಿಲೋ ಇರುವಲ್ಲಿ, ಅದು ಹೆಚ್ಚುಕಡಮೆ ತನ್ನಷ್ಟೇ ಭಾರದ ಮತ್ತೊಂದನ್ನು ಹೊತ್ತು ನಡೆಯುತ್ತಿತ್ತೆಂದಾಯಿತು.

ತರುವಾಯದ ಕೆಲಸ ಇನ್ನೂ ಸರಳ. ಹಿಂದಿನ ಚಕ್ರವು ನೆಲಕ್ಕೆ ತಾಕದಂತೆ ಬಂಡಿಯನ್ನು ಎತ್ತಿ ನಿಲ್ಲಿಸಿ, ಚಕ್ರದ ಅಚ್ಚಿನಿಂದ ಮೇಲಿನ ಒಂದು ಗೊತ್ತಾದ ಬಿಂದುವಿಗೆ ಅಳೆಯುವುದು. ಬಂಡಿಯನ್ನು ಬರಿದಾಗಿ ನೆಲದ ಮೇಲಿಳಿಸಿ ಮತ್ತೆ ಅಳೆಯುವುದು. ಕಡೆಗೆ ಸವಾರರೂ ಪೆಟ್ಟಿಗೆಗಳೂ ಏರಿದ ಮೇಲೆ ಮೂರನೆಯ ಬಾರಿ. ಪೂರ್ಣ ಭಾರವಿರುವಾಗ ಒಟ್ಟು ಸಂಚಾರದ ಮೂರನೆಯ ಒಂದು ಪಾಲಿನಷ್ಟು, ಎಂದರೆ 180ರಲ್ಲಿ ಸುಮಾರು 60 ಮಿಲಿಮೀಟರು ಮಾತ್ರ, ಬಂಡಿ ಕುಸಿಯಬೇಕೆಂಬುದು ಇಂಥ ವಾಹನಗಳಿಗೆ ರೂಢಿಯಲ್ಲಿರುವ ಸೂತ್ರ. ನಮ್ಮದು 85ರಷ್ಟು ಕುಸಿಯಿತು. ಎಂದರೆ, ಗುಂಡಿ ಬರುವುದಕ್ಕೆ ಮೊದಲೇ ಬಂಡಿಯು ತನ್ನ ಬಲದ ಅರ್ಧವನ್ನು ನಿಂತಲ್ಲೇ ವ್ಯಯಮಾಡಿಕೊಂಡಿತ್ತು. ಸ್ಪ್ರಿಂಗಿನ ತಲೆಯ ಮೇಲಿನ ಉಂಗುರವನ್ನು ತಿರುಗಿಸಿ ಅದನ್ನು ಬಿಗಿಗೊಳಿಸಬಹುದಷ್ಟೆ. ಹಾಗೆ ಬಿಗಿಗೊಳಿಸಿದಾಗ ಭಾರದ ಕುಸಿತವೇನೋ ಕಡಮೆಯಾಯಿತು, ಆದರೆ ಬರಿಯ ಬಂಡಿ ತನ್ನ ತೂಕಕ್ಕೆ ಕುಸಿಯುವುದೇ ನಿಂತುಹೋಯಿತು. ಇದರ ಅರ್ಥವನ್ನು ಅನೇಕರು ತಪ್ಪಾಗಿ ಗ್ರಹಿಸುತ್ತಾರೆ. ಉಂಗುರದಿಂದ ಸ್ಪ್ರಿಂಗು ಗಡಸಾಗುವುದಿಲ್ಲ. ಬಂಡಿ ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ಒಂದು ಮಿಲಿಮೀಟರು ಅದುಮಲು ಎಷ್ಟು ಬಲ ಬೇಕೆಂಬುದು ತಂತಿಯ ದಪ್ಪ, ಸುರುಳಿಯ ವ್ಯಾಸ, ಸುತ್ತುಗಳ ಸಂಖ್ಯೆ, ಇವುಗಳಿಂದ ಕಾರ್ಖಾನೆಯಲ್ಲೇ ನಿಶ್ಚಿತವಾದ ಗುಣ. ಭಾರ ಹೇರಿದಾಗಿನ ಕುಸಿತವನ್ನು ಸರಿಪಡಿಸಹೋಗಿ ಬರಿಯ ಬಂಡಿಯ ಕುಸಿತ ಇಲ್ಲವಾಯಿತೆಂದರೆ, ಆ ಭಾರಕ್ಕೆ ಆ ಸ್ಪ್ರಿಂಗು ಮೆದುವೆಂದು ನಿರ್ಣಯಿಸಬೇಕು. ಸ್ಪ್ರಿಂಗು ಬದಲಿಸಲು ಇದಕ್ಕಿಂತ ಪ್ರಬಲವಾದ ಕಾರಣ ಬೇರೆ ಬೇಡ. ಇದಕ್ಕಿಂತ ದುರ್ಬಲವಾದ ಕಾರಣಕ್ಕೆ, ಉದಾಹರಣೆಗೆ ಚಿನ್ನದ ಬಣ್ಣದ ಶಾಕಪ್ಪು ನೋಡಲು ಚೆಂದವೆಂಬ ಕಾರಣಕ್ಕೆ, ಬದಲಿಸುವವರೂ ಇದ್ದಾರೆ.

ಸ್ಪ್ರಿಂಗು ಅರ್ಧಭಾಗ ಮಾತ್ರ. ಅದುಮಿದುದನ್ನು ಅಷ್ಟೇ ಬಲದಿಂದ ಹಿಂದಿರುಗಿಸುವುದು ಅದರ ಧರ್ಮ. ಅದೊಂದನ್ನೇ ನಂಬಿದ ಬಂಡಿಯು ಒಮ್ಮೆ ನೂಕಿದ ತೊಟ್ಟಿಲಿನಂತೆ, ಗುಂಡಿ ಕಳೆದು ಎಷ್ಟೋ ದೂರ ಸಾಗಿದ ಮೇಲೂ ತೂಗುತ್ತಲೇ ಇರುತ್ತದೆ. ಆ ತೂಗಾಟವನ್ನು ನಿಗ್ರಹಿಸುವುದು ಎಣ್ಣೆ. ಶಾಕಪ್ಪಿನ ಕೊಳವೆಯೊಳಗೆ ಸಣ್ಣ ರಂಧ್ರಗಳುಳ್ಳ ಒಂದು ಪಿಸ್ಟನ್ನು ಎಣ್ಣೆಯಲ್ಲಿ ಮೇಲಕ್ಕೂ ಕೆಳಕ್ಕೂ ಚಲಿಸುವಾಗ, ಆ ರಂಧ್ರಗಳ ಮೂಲಕ ನುಸುಳಬೇಕಾದ ಎಣ್ಣೆಯು ಚಲನೆಯನ್ನು ತಡೆದು, ಅದರ ಶಕ್ತಿಯನ್ನು ಉಷ್ಣವಾಗಿ ಪರಿವರ್ತಿಸುತ್ತದೆ. ಕೆಮ್ಮಣ್ಣಿನ ತರಂಗಗಳ ಮೇಲೆ ಒಂದಷ್ಟು ದೂರ ಬಂದು ಇಳಿದು ಶಾಕಪ್ಪಿನ ಮೈಯನ್ನು ಮುಟ್ಟಿದರೆ ಕೈ ಸುಡುವುದು; ಅದು ದೋಷವಲ್ಲ, ಅದು ದುಡಿದಿದೆಯೆಂಬುದಕ್ಕೆ ಪ್ರಮಾಣ. ಎಣ್ಣೆ ಅತಿಯಾಗಿ ಕಾಯ್ದು ನೊರೆಗಟ್ಟಿದರೆ ಈ ತಡೆಯೇ ಶಿಥಿಲವಾಗುವುದರಿಂದ, ಒಳ್ಳೆಯ ಶಾಕಪ್ಪುಗಳಲ್ಲಿ ಸಾರಜನಕವನ್ನು ಒತ್ತಡದಲ್ಲಿ ತುಂಬಿ ಎಣ್ಣೆಯನ್ನು ಬಿಗಿಹಿಡಿದಿರುತ್ತಾರೆ. ಅದುಮಿಕೆಯ ತಡೆ ಬೇರೆ, ಮರಳಿಕೆಯ ತಡೆ ಬೇರೆ. ಮರಳಿಕೆ ಅತಿ ಶೀಘ್ರವಾದರೆ ಬಂಡಿ ಹಿಂಬದಿಯ ಸವಾರಳನ್ನು ಆಸನದಿಂದ ಎತ್ತಿ ಬಿಡುತ್ತದೆ. ಅತಿ ನಿಧಾನವಾದರೆ, ಒಂದು ಉಬ್ಬಿನಿಂದ ಚೇತರಿಸಿಕೊಳ್ಳುವ ಮೊದಲೇ ಮತ್ತೊಂದು ಬಂದು, ಚಕ್ರವು ಮೇಲಕ್ಕೆ ಮೇಲಕ್ಕೆ ಸೇರಿಕೊಳ್ಳುತ್ತ, ನಾಲ್ಕನೆಯ ಐದನೆಯ ಉಬ್ಬಿನ ಹೊತ್ತಿಗೆ ಶಾಕಪ್ಪಿನಲ್ಲಿ ಜಾಗವೇ ಉಳಿಯದೆ ಬೆನ್ನುಹುರಿಗೆ ನೇರವಾಗಿ ಪೆಟ್ಟು ಬೀಳುತ್ತದೆ.

ಈ ವಿದ್ಯೆ ಹಳೆಯದೇ. ಎಣ್ಣೆಯ ತಡೆಯುಳ್ಳ ಟೆಲಿಸ್ಕೋಪಿಕ್ ಫೋರ್ಕು 1935ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಬಂಡಿಗಳಲ್ಲಿ ಮಾರಾಟಕ್ಕೆ ಬಂದಿತು. ನಮ್ಮ ಹಳೆಯ ಮೈಸೂರು ಸೀಮೆಗೆ ಅದು ಸ್ವಂತ ಉತ್ಪಾದನೆಯಾಗಿ ಬಂದುದು 1961ರಿಂದ, ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾದ ಮೇಲೆ. ಮುಂದೆ ಫೋರ್ಕು, ಹಿಂದೆ ಎರಡು ಪಕ್ಕದಲ್ಲಿ ಎರಡು ಶಾಕಪ್ಪುಗಳಿದ್ದ ಜಾವಾ, ಅನಂತರದ ಯೆಜ್ದಿ, ಈ ಎರಡೂ ಮಂಡ್ಯದ ಬಯಲಿನಲ್ಲಿ ಹಾಲಿನ ಕ್ಯಾನು, ಗೊಬ್ಬರದ ಮೂಟೆ, ಮದುವೆಯ ದಿಬ್ಬಣದ ಪಾತ್ರೆ, ಯಾವುದನ್ನೂ ಒಲ್ಲೆನೆನ್ನದೆ ಹೊತ್ತವು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಆದರೂ ಅದರ ಬಂಡಿಗಳ ಶಾಕಪ್ಪನ್ನು ಬಿಚ್ಚಿ ಎಣ್ಣೆ ತುಂಬಿ ಮತ್ತೆ ಕೂಡಿಸಿ ಪಳಗಿದ ಕೈಗಳು ಈ ಊರುಗಳಲ್ಲಿ ಇಂದಿಗೂ ಉಳಿದಿವೆ. ಎರಡು ಶಾಕಪ್ಪುಗಳ ಬದಲು ಒಂದೇ ಸಾಕೆಂದು, ಬೆಲ್ಜಿಯಂ ದೇಶದ ಲೂಸಿಯೆನ್ ಟಿಲ್ಕೆನ್ಸ್ ಎಂಬಾತನ ಕಲ್ಪನೆಯನ್ನು ಯಮಹಾದವರು ಸ್ವೀಕರಿಸಿ, 1973ರ ಮೋಟೋಕ್ರಾಸ್ ವಿಶ್ವಸ್ಪರ್ಧೆಯನ್ನು ಅದರಿಂದಲೇ ಗೆದ್ದ ಮೇಲೆ, ಒಂಟಿ ಶಾಕಪ್ಪಿನ ಮಾರ್ಗ ಎಲ್ಲರಿಗೂ ರಾಜಮಾರ್ಗವಾಯಿತು. ಬೆಂಗಳೂರಿನ ಸಿ. ಎಸ್. ಸಂತೋಷ್ ಅವರು 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರೆನಿಸಿದಾಗ, ದಕ್ಷಿಣ ಅಮೆರಿಕದ ಮರಳನ್ನೂ ಕಲ್ಲನ್ನೂ ದಾಟಿಸಿದ ವಾಹನದ ಶಾಕಪ್ಪೂ ಇದೇ ಸ್ಪ್ರಿಂಗು, ಇದೇ ಎಣ್ಣೆಯ ನ್ಯಾಯಕ್ಕೆ ಒಳಪಟ್ಟದ್ದು. ಭೇದವಿರುವುದು ಅಳವಡಿಕೆಯ ಸೂಕ್ಷ್ಮದಲ್ಲಿ.

ನಾವು ಮಾಡಿಸಿದ ಮಾರ್ಪಾಟು ಅಂಥ ಭವ್ಯವಾದುದೇನಲ್ಲ. ಹಿಂದಕ್ಕೆ ನಮ್ಮ ತೂಕಕ್ಕೆ ತಕ್ಕ ಗಡಸು ಸ್ಪ್ರಿಂಗುಳ್ಳ, ಮರಳಿಕೆಯ ತಡೆಯನ್ನು ತಿರುಗಿಸಿ ಹೊಂದಿಸಬಹುದಾದ ಶಾಕಪ್ಪು. ಮುಂದಕ್ಕೆ, ಮೊದಲು ಮೆದುವಾಗಿ ಬಾಗಿ ಆಳಕ್ಕೆ ಹೋದಂತೆ ಗಡಸಾಗುವ ಸ್ಪ್ರಿಂಗುಗಳು, ಹೊಸ ಎಣ್ಣೆ, ಹೊಸ ಸೀಲುಗಳು. ಫೋರ್ಕಿನಿಂದ ಹೊರಗೆ ಸುರಿದ ಹಳೆಯ ಎಣ್ಣೆ ಕದಡಿದ ಕಾಫಿಯ ಬಣ್ಣಕ್ಕಿಳಿದಿತ್ತು. ಎಂಜಿನಿನ ಎಣ್ಣೆಯನ್ನು ಶ್ರದ್ಧೆಯಿಂದ ಬದಲಿಸುವ ಜನ ಫೋರ್ಕಿನೊಳಗೂ ಎಣ್ಣೆಯಿದೆಯೆಂಬುದನ್ನು ವರ್ಷಗಟ್ಟಲೆ ಸ್ಮರಿಸುವುದಿಲ್ಲ. ಆ ಹಿರಿಯ ಮೆಕ್ಯಾನಿಕ್ಕರು ಎಣ್ಣೆಯನ್ನು ಅಳೆದು ಹೊಯ್ದು, ಎರಡು ಕಾಲುಗಳಲ್ಲೂ ಅದರ ಮಟ್ಟ ಸಮನಾಗಿದೆಯೇ ಎಂದು ಉಕ್ಕಿನ ಅಳತೆಪಟ್ಟಿಯನ್ನಿಳಿಸಿ ನೋಡಿದ ತಾಳ್ಮೆ ನನಗೆ ಬಹಳ ಹಿಡಿಸಿತು. ಆ ಮಟ್ಟದ ಮೇಲೆ ಉಳಿಯುವ ಗಾಳಿಯೂ ಒಂದು ಸ್ಪ್ರಿಂಗಿನಂತೆಯೇ ವರ್ತಿಸುವುದೆಂಬ ಮರ್ಮವನ್ನು ಅವರು ಯಾವ ಪುಸ್ತಕದಿಂದಲೂ ತಿಳಿದವರಲ್ಲ.

ಮಂಡ್ಯದಿಂದ ಹೊರಟು ನಾಲೆ ಏರಿಯ ಮೇಲೆ ಒಂದಷ್ಟು ದೂರ, ಆಮೇಲೆ ಮದ್ದೂರು. ಹಂಪುಗಳ ವಿಷಯವನ್ನು ಇಲ್ಲಿ ಹೇಳಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮಾವಳಿಯಂತೆ ಹಂಪೊಂದು 3.7 ಮೀಟರು ಅಗಲ, ನಡುವೆ 10 ಸೆಂಟಿಮೀಟರು ಎತ್ತರವಿದ್ದು, ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ದಾಟುವಂತಿರಬೇಕು. ಊರ ಮುಂದೆ ಊರವರೇ ಕಟ್ಟಿಕೊಂಡ ಹಂಪು ಎತ್ತರದಲ್ಲಿ ಈ ನಿಯಮವನ್ನು ಮೀರುತ್ತದೆ, ಅಗಲದಲ್ಲಿ ಅದರ ಕಾಲು ಭಾಗಕ್ಕೂ ಬರುವುದಿಲ್ಲ. ಮಕ್ಕಳು ಓಡಾಡುವ ಬೀದಿಯಲ್ಲಿ ಕಾರುಗಳ ವೇಗವನ್ನು ಕಂಡು ಬೆದರಿದ ತಾಯಂದಿರ ಕೋಪವೇ ಅಲ್ಲಿ ಡಾಂಬರಾಗಿರುವುದರಿಂದ ನಾನು ಅದನ್ನು ದೂಷಿಸಲಾರೆ. ಇಂಥ ಹಂಪುಗಳ ಮೇಲೆ ಮೊದಲು ಬಂಡಿ ಹಿಂದಕ್ಕೆ ಕುಳಿತು ಎದ್ದು ಮತ್ತೆ ಕುಳಿತು ಸಮಾಧಾನಗೊಳ್ಳುತ್ತಿದ್ದುದು, ಈಗ ಒಮ್ಮೆ ಎದ್ದು ಒಮ್ಮೆ ಕುಳಿತು ಸುಮ್ಮನಾಯಿತು. ಬ್ರೇಕು ಹಿಡಿದಾಗ ಮೂಗು ನೆಲಕ್ಕೆ ಬಾಗುವುದೂ ಕಡಮೆಯಾಯಿತು. ಮದ್ದೂರಿನಲ್ಲಿ ವಡೆಯ ಅಂಗಡಿಯ ಮುಂದೆ ನಿಂತಾಗ ಶ್ರೀಮತಿಯವರು, “ರೀ, ಇಲ್ಲಿಗೆ ಬರೋ ಹೊತ್ತಿಗೆ ಯಾವಾಗ್ಲೂ ಸೊಂಟ ಹಿಡ್ಕೊಂಡು ಇಳೀತಿದ್ದೆ, ಇವತ್ತು ಹಸಿವು ಒಂದೇ ಗೊತ್ತಾಗ್ತಿದೆ,” ಎಂದರು. ಖರ್ಚಿನ ಚೀಟಿಯನ್ನು ನೋಡಿದ ದಿನ ಅವರು ಆಡಿದ್ದ ಮಾತುಗಳಿಗೆ ಹೋಲಿಸಿದರೆ ಇದನ್ನು ದೊಡ್ಡ ಪ್ರಶಸ್ತಿಯೆಂದೇ ಪರಿಗಣಿಸಬೇಕು.

ಆದರೆ ಸುಖವು ಶಾಕಪ್ಪಿನ ಮುಖ್ಯ ಪ್ರಯೋಜನವಲ್ಲವೆಂಬುದು ಕೊಕ್ಕರೆ ಬೆಳ್ಳೂರಿನ ದಾರಿಯಲ್ಲಿ ನನಗೆ ಸ್ಪಷ್ಟವಾಯಿತು. ಮದ್ದೂರು ತಾಲ್ಲೂಕಿನ ಆ ಹಳ್ಳಿಗೆ ರುದ್ರಾಕ್ಷಿಪುರದ ಬಳಿ ಹೆದ್ದಾರಿಯನ್ನು ಬಿಟ್ಟು ಹೋಗಬೇಕು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಜನರ ಮನೆಯಂಗಳದ ಹುಣಿಸೆಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುವ, ಮನುಷ್ಯರೂ ಪಕ್ಷಿಗಳೂ ಪರಸ್ಪರರ ಗದ್ದಲವನ್ನು ಸಹಿಸಿಕೊಂಡಿರುವ ಊರದು. ದಾರಿಯ ತಿರುವೊಂದರಲ್ಲಿ ಕುರಿಮಂದೆ ಅಡ್ಡ ಬಂದಿತು. ಬ್ರೇಕು ಹಿಡಿದ ಸ್ಥಳದಲ್ಲೇ ಗುಂಡಿಗಳು. ಚಕ್ರ ನೆಲವನ್ನು ಬಿಟ್ಟು ಜಿಗಿದ ಆ ಕ್ಷಣಾರ್ಧದಲ್ಲಿ ಬ್ರೇಕಿಗೂ ಹ್ಯಾಂಡಲಿಗೂ ಯಾವ ಅಧಿಕಾರವೂ ಇರುವುದಿಲ್ಲ. ಅವುಗಳ ಅಧಿಕಾರವೆಲ್ಲ ಟೈರು ನೆಲವನ್ನು ಹಿಡಿದಿರುವಷ್ಟು ಹೊತ್ತು ಮಾತ್ರ. ಗುಂಡಿಯ ಆಳಕ್ಕೆ ಚಕ್ರವನ್ನು ಇಳಿಸಿ, ಅದರ ಅಂಚಿನಲ್ಲಿ ಎತ್ತಿ, ನೆಲದ ಸಂಪರ್ಕ ತಪ್ಪದಂತೆ ನೋಡಿಕೊಳ್ಳುವುದೇ ಶಾಕಪ್ಪಿನ ಪರಮಾರ್ಥ; ಸೊಂಟಕ್ಕೆ ದೊರೆಯುವ ನೆಮ್ಮದಿ ಅದರ ಆನುಷಂಗಿಕ ಫಲ. ಬಂಡಿ ನೇರವಾಗಿ ನಿಂತಿತು. ಕುರಿಗಳು ನಮ್ಮನ್ನು ಗಮನಿಸಲೂ ಇಲ್ಲ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆ ಭಾರತೀನಗರವೆಂಬ ಹೆಸರನ್ನೂ ಪಡೆದಿರುವ ಕಾಳಮುದ್ದನದೊಡ್ಡಿಯ ಮೂಲಕ ಸಾಗುತ್ತದೆ. ಅಲ್ಲಿಯೂ ಸಕ್ಕರೆ ಕಾರ್ಖಾನೆಯಿರುವುದರಿಂದ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿರುತ್ತವೆ. ಹಿಂದೆ ಕೆಂಪು ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದ ಟ್ರೇಲರುಗಳನ್ನು ಇರುಳಿನಲ್ಲಿ ಕಾಣುವುದಕ್ಕೆ ಹೆಡ್‌ಲೈಟಿನ ಬೆಳಕು ರಸ್ತೆಯ ಮೇಲೆ ಬಿದ್ದಿರಬೇಕು. ಭಾರಕ್ಕೆ ಹಿಂದೆ ಕುಸಿದ ಬಂಡಿಯ ಬೆಳಕು ಮರದ ಕೊಂಬೆಗಳನ್ನೂ ಎದುರಿನವರ ಕಣ್ಣನ್ನೂ ಬೆಳಗುತ್ತದೆಯೇ ಹೊರತು ರಸ್ತೆಯನ್ನಲ್ಲ. ಹಿಂಬದಿ ಎತ್ತರಕ್ಕೆ ಬಂದ ಮೇಲೆ ನಮ್ಮ ಬೆಳಕೂ ನೆಲಕ್ಕಿಳಿಯಿತು. ಇದು ನಾನು ನಿರೀಕ್ಷಿಸದಿದ್ದ ಲಾಭ.

ಈ ದಾರಿಯಲ್ಲಿ ಹೋಗುವಾಗ ನೂರಿಪ್ಪತ್ತು ವರ್ಷಗಳಿಗೂ ಹಿಂದಿನ ಮತ್ತೊಂದು ಭಾರವು ನೆನಪಿಗೆ ಬಾರದೆ ಇರದು. ಶಿವನಸಮುದ್ರದ ವಿದ್ಯುದಾಗಾರವು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸತೊಡಗಿತಷ್ಟೆ. ವಿದೇಶದಿಂದ ಬಂದ ಅದರ ಮಹಾಯಂತ್ರಗಳನ್ನು ರೈಲಿನಿಂದಿಳಿಸಿದ ಮೇಲೆ ಆನೆಗಳೂ ಕುದುರೆಗಾಡಿಗಳೂ ಎಳೆದು ತಂದುವೆಂದು ಹೇಳುತ್ತಾರೆ. ಮದ್ದೂರೇ ಅಲ್ಲಿಗೆ ಸಮೀಪದ ರೈಲು ನಿಲ್ದಾಣ. ಶಿವನಸಮುದ್ರದ ಗಗನಚುಕ್ಕಿ ಜಲಪಾತದ ಎದುರು ನಿಂತು ನೀರಿನ ಧುಮುಕನ್ನು ನೋಡುವವರು ಆ ಉಕ್ಕು ಈ ಕಾಡಿಗೆ ಯಾವ ಗಾಲಿಗಳ ಮೇಲೆ ಬಂದಿತೆಂದು ಒಮ್ಮೆ ಯೋಚಿಸಬೇಕು. ಆ ಎಂಜಿನಿಯರುಗಳೂ ಮೊದಲು ತೂಕದ ಲೆಕ್ಕ ಹಾಕಿ, ಆಮೇಲೆ ಗಾಡಿ ಕಟ್ಟಿಸಿರಬೇಕು.

ಹಲಗೂರಿನಿಂದ ಕಾವೇರಿ ವನ್ಯಜೀವಿಧಾಮದೊಳಗೆ ಮುತ್ತತ್ತಿಗೆ ಇಳಿಯುವ ದಾರಿಯನ್ನು ವರ್ಣಿಸುವುದಕ್ಕಿಂತ ಅಲ್ಲಿ ನಿಧಾನವಾಗಿ ಹೋಗಿರೆಂದು ಹೇಳುವುದೇ ಉಪಯುಕ್ತ. ಇಳಿಜಾರಿನಲ್ಲಿ ಒಂದು ಸಂಗತಿ ಗಮನಕ್ಕೆ ಬಂದಿತು: ಹಿಂಬದಿ ಎತ್ತರವಾದುದರಿಂದ ಬಂಡಿಯು ಮೊದಲಿಗಿಂತ ಚುರುಕಾಗಿ ತಿರುಗುತ್ತಿತ್ತು, ಮತ್ತು ಪಕ್ಕದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದಾಗ ಹೆಚ್ಚು ವಾಲುತ್ತಿತ್ತು. ಲಾಭದೊಡನೆ ಬರುವ ಇಂಥ ಸಣ್ಣಪುಟ್ಟ ತೆರಿಗೆಗಳನ್ನು ಮಾರುವವರು ಹೇಳುವುದಿಲ್ಲ. ತರಂಗದ ಹಾದಿಯಲ್ಲಿ ಮರಳಿಕೆಯ ತಡೆಯನ್ನು ಎರಡು ಮೆಟ್ಟಿಲು ಸಡಿಲಿಸಿದ ಮೇಲೆ ಚಕ್ರ ನೆಲಕ್ಕೆ ಹೊಂದಿಕೊಂಡಿತು. ಡಾಂಬರಿಗೆ ಬಂದಾಗ ಮತ್ತೆ ಬಿಗಿಸಬೇಕಾಯಿತು. ಎಲ್ಲ ದಾರಿಗೂ ಸಲ್ಲುವ ಒಂದು ಹೊಂದಾಣಿಕೆಯಿದೆಯೆಂದು ಯಾರಾದರೂ ಹೇಳಿದರೆ ಅವರು ಮಳವಳ್ಳಿಗೆ ಬಂದಿಲ್ಲವೆಂದು ತಿಳಿಯಬಹುದು.

ಇದೇ ಮಾರ್ಗವನ್ನು ಹಿಡಿಯಬೇಕೆಂದಿರುವವರಿಗೆ ನನ್ನ ಅಭಿಪ್ರಾಯವನ್ನು ಮರೆಮಾಚದೆ ಹೇಳುವುದಾದರೆ: ಹಣವನ್ನು ಕಡೆಗೆ ತೆಗೆಯಿರಿ. ಮೊದಲು ತೂಗಿಸಿ, ಕುಸಿತವನ್ನು ಅಳೆಯಿರಿ. ಅನೇಕರ ಕಷ್ಟ ಉಂಗುರವನ್ನು ತಿರುಗಿಸಿದೊಡನೆಯೇ ಪರಿಹಾರವಾಗುತ್ತದೆ. ಪರಿಹಾರವಾಗದಿದ್ದರೆ ಫೋರ್ಕಿನ ಎಣ್ಣೆ, ಸೀಲು. ಸೀಲು ಸೋರಿ ಎಣ್ಣೆ ಬ್ರೇಕಿನ ಡಿಸ್ಕಿಗೆ ಇಳಿಯುತ್ತಿದ್ದರೆ ಅದೇ ದಿನ ಬದಲಿಸಬೇಕು, ಅಲ್ಲಿ ಚೌಕಾಸಿ ಕೂಡದು. ಆಮೇಲೆ ತೂಕಕ್ಕೆ ತಕ್ಕ ಸ್ಪ್ರಿಂಗು. ಪೂರ್ತಿ ಶಾಕಪ್ಪನ್ನು ಬದಲಿಸುವುದು ಕಟ್ಟಕಡೆಯದು. ಜೋಡಿಯಾಗಿ, ಸಾಮಾನು ಹೇರಿಕೊಂಡು, ಕೆಟ್ಟ ದಾರಿಯಲ್ಲಿ ಬಹುದೂರ ಹೋಗುವವರಿಗೆ ಅದು ಸಾರ್ಥಕ. ವಾರಕ್ಕೊಮ್ಮೆ ಮೈಸೂರಿಗೆ ಹೋಗಿ ಬರುವವರಿಗೆ ಅಲ್ಲ. ಒಂದು ಎಚ್ಚರಿಕೆ ಮಾತ್ರ ಎಲ್ಲರಿಗೂ ಸಲ್ಲುತ್ತದೆ. ಮಾಗಿಯ ತಿಂಗಳುಗಳಲ್ಲಿ ಮಳವಳ್ಳಿಯ ಕಡೆ ಹುರುಳಿಯನ್ನೂ ರಾಗಿಯನ್ನೂ ರಸ್ತೆಯ ಮೇಲೆ ಹರವಿ, ಹೋಗಿಬರುವ ಗಾಡಿಗಳಿಂದಲೇ ಒಕ್ಕಣೆ ಮಾಡಿಸಿಕೊಳ್ಳುವ ರೂಢಿಯಿದೆ. ಆ ಹೊಟ್ಟಿನ ಮೇಲೆ ಟೈರಿಗೆ ನೆಲವೇ ಸಿಗುವುದಿಲ್ಲವಾದ್ದರಿಂದ ಯಾವ ದೇಶದ ಶಾಕಪ್ಪೂ ಅಲ್ಲಿ ನೆರವಿಗೆ ಬಾರದು. ದೂರದಿಂದಲೇ ವೇಗವನ್ನು ತಗ್ಗಿಸಿ, ಬ್ರೇಕು ಮುಟ್ಟದೆ, ಹ್ಯಾಂಡಲನ್ನು ನೇರವಾಗಿ ಹಿಡಿದು ದಾಟಿ.